ದೂರೇ ಬಾರದ ಭದ್ರಾವತಿ

ನಮ್ಮ ಕಂಪನಿ ದೊಡ್ಡದಲ್ಲ. ಶಿವಮೊಗ್ಗದ ಹೊಸಮನೆಯಲ್ಲಿ ಒಂದು ಮನೆಯ ಮಹಡಿ, ಆರು ಜನ. ರಕ್ತಪರೀಕ್ಷೆಯ ಲ್ಯಾಬುಗಳಿಗೆ ರಿಪೋರ್ಟ್ ತಯಾರಿಸುವ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಅಲ್ಲಿಗೆ ಸೇರಿದ ಎರಡನೇ ವರ್ಷ ನಾನು ಒಂದು ಹೊಸ ಸೌಕರ್ಯ ಸೇರಿಸಿದೆ. ಯಾವ ಲ್ಯಾಬಿನಲ್ಲಾದರೂ ನಮ್ಮ ಪ್ರೋಗ್ರಾಂ ಕೆಲಸದ ನಡುವೆ ಕ್ರ್ಯಾಶ್ ಆಗಿ ಮುಚ್ಚಿಹೋದರೆ, ಯಾವ ಸಾಲಿನಲ್ಲಿ ಎಡವಿತು ಎಂಬ ಸುದ್ದಿ ತಾನಾಗಿ ನಮ್ಮ ಕಚೇರಿಗೆ ಬಂದು ಬೀಳುತ್ತಿತ್ತು. ಸುದ್ದಿ ಕಳಿಸುವ ಆ ಟೂಲು ನಾನು ಬರೆದದ್ದಲ್ಲ. ಯಾರೋ ಬರೆದು ಎಲ್ಲರ ಬಳಕೆಗೆ ಬಿಟ್ಟಿದ್ದನ್ನು ತಂದು ಜೋಡಿಸಿದ್ದೆ.

ಪ್ರತಿ ಸೋಮವಾರ ಬೆಳಗಿನ ಮೀಟಿಂಗಿನಲ್ಲಿ ಆ ವಾರದ ಕ್ರ್ಯಾಶ್‌ಗಳ ಪಟ್ಟಿಯನ್ನು ಗೋಡೆಯ ಮೇಲೆ ತೋರಿಸುವುದು ನನ್ನ ಕೆಲಸ. ಶಿವಮೊಗ್ಗದ ಲ್ಯಾಬುಗಳಿಂದ ನಾಲ್ಕೈದು ಇರುತ್ತಿದ್ದವು. ಭದ್ರಾವತಿಯ ಲ್ಯಾಬಿನಿಂದ ಆರು ತಿಂಗಳಾದರೂ ಒಂದೂ ಬಂದಿರಲಿಲ್ಲ. ಆ ಸೊನ್ನೆಯನ್ನು ನಾನು ಸ್ವಲ್ಪ ಜಂಬದಿಂದಲೇ ತೋರಿಸುತ್ತಿದ್ದೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ಅಕ್ಕ. ಐವತ್ತು ದಾಟಿದವರು. ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು, ನಲವತ್ತು ಕಳೆದ ಮೇಲೆ ಪ್ರೋಗ್ರಾಮಿಂಗ್ ಕಲಿತವರು. ಮೀಟಿಂಗಿನಲ್ಲಿ ಮಾತಾಡುವುದೇ ಅಪರೂಪ. ಒಂದು ಸೋಮವಾರ ಮಾತ್ರ ಕನ್ನಡಕ ತೆಗೆದು ಕೇಳಿದರು: "ಅಲ್ಲ ಮಾರಾಯ, ದಿನಾ ಅಷ್ಟು ಜನ ಬರೋ ಲ್ಯಾಬು. ಆರು ತಿಂಗಳಲ್ಲಿ ಒಂದ್ಸಲಾನೂ ಬಿದ್ದಿಲ್ಲ ಅಂದ್ರೆ ಹೆಂಗೆ? ನಮ್ ಕೋಡು ಅಷ್ಟೇನೂ ಚೆನ್ನಾಗಿಲ್ವಲ್ಲ."

"ಅವ್ರೇನೂ ದೂರು ಹೇಳಿಲ್ಲ ಅಕ್ಕ," ಎಂದೆ.

"ಅದಕ್ಕೇ ಹೋಗಿ ನೋಡ್ಕೊಂಡು ಬರೋಣ. ನಾಳೆ ಬೆಳಿಗ್ಗೆ ಬಸ್‌ ಸ್ಟ್ಯಾಂಡಿಗೆ ಬಾ."

ಭದ್ರಾವತಿಯ ಆ ಲ್ಯಾಬು ಉಕ್ಕಿನ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಕಡೆಯದು. ಪಕ್ಕದ ಬೀದಿಯಲ್ಲೇ ಒಂದು ಹೆರಿಗೆ ಆಸ್ಪತ್ರೆ. ಲ್ಯಾಬಿನ ಟೆಕ್ನಿಷಿಯನ್ ಅರವತ್ತರ ಹತ್ತಿರದವರು, ಮನೆಮಾತು ತಮಿಳು. ನಾವು ಕೇಳುವ ಮೊದಲೇ, "ದಿನಾ ಒಂದ್ಸಲನಾದ್ರೂ ಮುಚ್ಕೊಂಡ್ಬಿಡ್ತದೆ ಸಾರ್," ಎಂದರು.

"ಮತ್ತೆ ಒಂದು ಫೋನ್ ಮಾಡಬಾರದಿತ್ತಾ?"

"ನೀವೇ ಹೇಳಿದ್ರಲ್ಲ ಸಾರ್, ಇನ್ಮೇಲೆ ಕಂಪ್ಯೂಟರೇ ನಮಗೆ ತಿಳಿಸ್ತದೆ, ಫೋನ್ ಮಾಡೋದು ಬೇಡ ಅಂತ. ತಿಳಿಸಿರ್ತದೆ, ನಿಮಗೆ ಕೆಲಸ ಜಾಸ್ತಿ ಇರಬೇಕು ಅಂದ್ಕೊಂಡೆ."

ಹೌದು, ಹೇಳಿದ್ದು ನಾನೇ. ಅಕ್ಕ ನನ್ನ ಕಡೆ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತು, "ಯಾವಾಗ ಯಾವಾಗ ಹಂಗಾಗುತ್ತೆ ಅಂತ ನೆನಪಿದ್ಯಾ ನಿಮಗೆ?" ಎಂದು ಕೇಳಿದರು.

ಅವರು ಡ್ರಾಯರಿನಿಂದ ನೂರು ಪುಟದ ಒಂದು ನೋಟ್‌ಬುಕ್ ತೆಗೆದರು. ಆರು ತಿಂಗಳಲ್ಲಿ ಪ್ರೋಗ್ರಾಂ ಮುಚ್ಚಿಹೋದ ಪ್ರತಿ ಸಲವೂ ತಾರೀಖು, ಸಮಯ, ಆಗ ಏನು ಮಾಡುತ್ತಿದ್ದೆ ಎಂಬುದನ್ನು ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದರು. ಬಹುಪಾಲು ಸಾಲುಗಳ ಕೊನೆಯಲ್ಲಿ 'ಹಸುಗೂಸು' ಎಂದಿತ್ತು.

"ಹುಟ್ಟಿದ ಮಗೂಗೆ ವಯಸ್ಸು ಸೊನ್ನೆ ಹಾಕಿದ್ರೆ ಮುಚ್ಕೊಳ್ತದೆ ಮೇಡಂ. ಒಂದು ವರ್ಷ ಅಂತ ಹಾಕಿದ್ರೆ ಸುಮ್ನೆ ಬಿಡ್ತದೆ. ಆದ್ರೆ ಹುಟ್ಟಿದ ಮಗೂಗೆ ಇರಬೇಕಾದ ಅಳತೆನೇ ಬೇರೆ, ಒಂದು ವರ್ಷದ್ದೇ ಬೇರೆ. ಡಾಕ್ಟ್ರು ತಪ್ಪು ತಿಳ್ಕೊಂಡ್ರೆ? ಅದಕ್ಕೆ ಅವರ ರಿಪೋರ್ಟ್ ಎಲ್ಲ ಕೈಯಲ್ಲೇ ಬರ್ದು ಕೊಡ್ತೀನಿ."

ಆರು ತಿಂಗಳು ಅವರು ಹಾಗೆಯೇ ಮಾಡಿದ್ದರು. ಯಾವ ವಯಸ್ಸಿಗೆ ಎಷ್ಟಿರಬೇಕು ಎಂಬ ಅಳತೆಗಳ ನಮ್ಮ ಪಟ್ಟಿಯಲ್ಲಿ ನವಜಾತ ಶಿಶುಗಳ ಸಾಲನ್ನೇ ಸೇರಿಸಿರಲಿಲ್ಲ. ಅಕ್ಕ ಲ್ಯಾಬಿನ ಡಾಕ್ಟರನ್ನು ಕೇಳಿ ಸರಿಯಾದ ಅಂಕಿಗಳನ್ನು ಪಡೆದು ಅಲ್ಲೇ ಸೇರಿಸಿದರು. ನಂತರ ಬೇಕೆಂದೇ ಒಂದು ಕ್ರ್ಯಾಶ್ ಮಾಡಿಸಿ, ಸುದ್ದಿ ಹೊರಡುತ್ತದೆಯೇ ಎಂದು ನೋಡಿದರು. ಹೊರಡಲಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಅಲ್ಲಿನ ಕಂಪ್ಯೂಟರು ತೀರಾ ಹಳೆಯದು, ಅದರಲ್ಲಿದ್ದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿಯೂ ಹಳೆಯದು. ಸುದ್ದಿ ಕಳಿಸುವ ಟೂಲನ್ನು ಬರೆದವರು ಆ ಭಾಷೆಗೆ ಆಮೇಲೆ ಸೇರಿದ ಹೊಸ ಬರವಣಿಗೆಯ ರೀತಿಯನ್ನು ಬಳಸಿದ್ದರು. ಹಳೆಯ ಆವೃತ್ತಿಗೆ ಅದು ಓದಲಿಕ್ಕೇ ಬಾರದು. ಹಾಗಾಗಿ ಟೂಲು ಶುರುವಿನಲ್ಲೇ ಸಾಯುತ್ತಿತ್ತು. ಅದು ಸತ್ತರೂ ಲ್ಯಾಬಿನ ಕೆಲಸ ನಿಲ್ಲಬಾರದೆಂದು, ಅದರ ತಪ್ಪನ್ನು ಸದ್ದಿಲ್ಲದೆ ನುಂಗುವ ಎರಡು ಸಾಲನ್ನು ನಾನು ಬರೆದಿದ್ದೆ.

"ಈ ಕಂಪ್ಯೂಟರ್ ಬದಲಾಯಿಸೋಕೆ ಹೇಳೋಣ," ಎಂದೆ.

"ರಕ್ತದ ಮಷೀನು ಇದೊಂದಕ್ಕೇ ಕನೆಕ್ಟ್ ಆಗೋದು ಸಾರ್," ಎಂದರು ಟೆಕ್ನಿಷಿಯನ್.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಹೇಳಿದರು: "ಮಕ್ಕಳ ವಿಷಯ ಇವರಿದ್ರು ಅಂತ ಸಿಕ್ತು. ಇಂಥವರು ಇಲ್ಲದ ಕಡೆ ಏನೇನು ಮುಚ್ಚಿಹೋಗಿದ್ಯೋ. ಆ ಟೂಲು ಸರಿಮಾಡ್ಲೇಬೇಕು."

ಮರುದಿನ ಅವರು ಒಂದೇ ಕಂಪ್ಯೂಟರಿನಲ್ಲಿ ಪೈಥಾನಿನ ನಾಲ್ಕು ಆವೃತ್ತಿಗಳನ್ನು ಹಾಕಿಕೊಂಡರು, ತೀರಾ ಹಳೆಯದರಿಂದ ಇತ್ತೀಚಿನದರವರೆಗೆ. ಟೂಲಿನ ಹೊಸ ರೀತಿಯ ಸಾಲುಗಳನ್ನೆಲ್ಲ ಒಂದೊಂದಾಗಿ ಹಳೆಯ ರೀತಿಗೆ ಬರೆದರು. ಹಳೆಯ ಆವೃತ್ತಿ ಒಪ್ಪಿತು. ನಡುವಿನ ಎರಡೂ ಒಪ್ಪಿದವು. ಇತ್ತೀಚಿನದರಲ್ಲಿ ಮಾತ್ರ ಮತ್ತೆ ಬಿತ್ತು. ಆಗ ನನಗೆ ಕುಂಸಿಯ ಲ್ಯಾಬು ನೆನಪಾಯಿತು. ಅವರು ಹೊಸ ಕಂಪ್ಯೂಟರ್ ತಂದಾಗಿನಿಂದ ಅಲ್ಲಿನ ಲೆಕ್ಕವೂ ಸೊನ್ನೆ. ಅದಕ್ಕೂ ನಾನು ಖುಷಿಪಟ್ಟಿದ್ದೆ.

ಇಲ್ಲಿ ತೊಡಕು ಬೇರೆಯೇ. ನಡೆದ ತಪ್ಪಿನ ವಿವರವನ್ನು ಟೂಲು ಪೈಥಾನಿಗೆ ಮೂರು ಭಾಗವಾಗಿ, ಪ್ರತಿ ಭಾಗಕ್ಕೂ ಒಂದು ಹೆಸರು ಹಚ್ಚಿ ಕೊಡುತ್ತಿತ್ತು. ಹೊಸ ಆವೃತ್ತಿಯಲ್ಲಿ ಅದರಲ್ಲೊಂದು ಹೆಸರನ್ನೇ ತೆಗೆದಿದ್ದರು. ಇದನ್ನು ನಾನು ಸರಿಮಾಡುತ್ತೇನೆಂದು ಕೂತೆ. ಯಾವ ಆವೃತ್ತಿ ಎಂದು ಮೊದಲು ವಿಚಾರಿಸಿ, ಹಳೆಯದಾದರೆ ಹೀಗೆ, ಹೊಸದಾದರೆ ಹಾಗೆ ಎಂದು ನಲವತ್ತು ಸಾಲು ಬರೆದೆ. ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕರಲ್ಲೂ ನಡೆಯಿತು.

ಅಕ್ಕ ಪೂರ್ತಿ ಓದಿದರು. "ಚೆನ್ನಾಗಿ ಮಾಡಿದ್ದೀಯ. ಆದ್ರೆ ಮುಂದಿನ ವರ್ಷ ಇನ್ನೊಂದು ಹೆಸರು ತೆಗೆದ್ರೆ ಮತ್ತೆ ಹತ್ತು ಸಾಲು ಸೇರಿಸ್ತೀಯಾ? ಹೆಸರೇ ಹೇಳದೆ ಕೊಟ್ಟು ನೋಡು."

"ಅಂದ್ರೆ?"

"ಮೂರನ್ನೂ ಸಾಲಾಗಿ ಕೊಡು. ಹೆಸರು ಬದಲಾಗಿದೆ, ಜಾಗ ಬದಲಾಗಿಲ್ಲ."

ನಲವತ್ತು ಸಾಲನ್ನು ಅಳಿಸಿ ಒಂದೇ ಸಾಲು ಬರೆದೆ. ನಾಲ್ಕೂ ಆವೃತ್ತಿಗಳಲ್ಲಿ ನಡೆಯಿತು. ಕಾಲೇಜಿನಲ್ಲಿ ನಾಲ್ಕು ವರ್ಷ ಇದನ್ನೇ ಓದಿದವನು ನಾನು. ಅವರು ಮಕ್ಕಳನ್ನು ಶಾಲೆಗೆ ಕಳಿಸಿ, ಸಂಜೆ ಕ್ಲಾಸಿಗೆ ಹೋಗಿ ಕಲಿತವರು. ಹೊಟ್ಟೆಕಿಚ್ಚಾಗಬೇಕಿತ್ತೇನೋ, ಆಗಲಿಲ್ಲ. ಇಂಥವರ ಪಕ್ಕದ ಮೇಜು ನನಗೆ ಸಿಕ್ಕಿದೆಯಲ್ಲ ಎನಿಸಿತು.

ತಿದ್ದಿದ್ದನ್ನು ಅವರು ಟೂಲಿನ ಮೂಲ ಕರ್ತೃಗಳಿಗೂ ಕಳಿಸಿದರು, ನಾಲ್ಕು ಆವೃತ್ತಿಗಳಲ್ಲಿ ಪರೀಕ್ಷಿಸಿದ ವಿವರದೊಂದಿಗೆ. ಹತ್ತು ದಿನದ ಮೇಲೆ ಯಾವುದೋ ದೇಶದಿಂದ ಉತ್ತರ ಬಂತು. ತಿದ್ದುಪಡಿಯನ್ನು ಸೇರಿಸಿಕೊಂಡಿದ್ದರು. ಅಕ್ಕ ಓದಿ, "ಪಾಪ, ಒಳ್ಳೆಯವರು," ಎಂದು ಚಹಾಕ್ಕೆ ಎದ್ದರು.

ಅಷ್ಟರಲ್ಲಿ ತಿದ್ದಿದ ಟೂಲನ್ನು ನಮ್ಮ ಎಲ್ಲ ಲ್ಯಾಬುಗಳಿಗೂ ಹಾಕಿದ್ದೆವು. ಆ ವಾರವೇ ಹೊಳೆಹೊನ್ನೂರಿನ ಲ್ಯಾಬಿನಿಂದ ಮೊದಲ ಸುದ್ದಿ ಬಂತು. ಅಲ್ಲಿಯೂ ಹಳೆಯ ಕಂಪ್ಯೂಟರು. ರೋಗಿಯ ಹೆಸರಿನ ನಡುವೆ ಓರೆಗೆರೆ ಇದ್ದರೆ ಆ ಹೆಸರಿನ ಫೈಲು ಉಳಿಯದೆ ಪ್ರೋಗ್ರಾಂ ಬೀಳುತ್ತಿತ್ತು. ಹೆಸರಿನ ಮುಂದೆ 'W/O', ಅಂದರೆ ಇಂಥವರ ಹೆಂಡತಿ, ಎಂದು ಸೇರಿಸಿ ಬರೆಸಿದ ಹೆಂಗಸರ ರಿಪೋರ್ಟುಗಳೆಲ್ಲ ಹೀಗೆ ತಡವಾಗುತ್ತಿದ್ದವು. ಅಲ್ಲಿ ಯಾರೂ ಹೇಳಿರಲಿಲ್ಲ. ಮತ್ತೆ ಶುರುಮಾಡಿ, ಗಂಡನ ಹೆಸರು ಬಿಟ್ಟು ಟೈಪ್ ಮಾಡುತ್ತಿದ್ದರಂತೆ. ಅದನ್ನು ಅರ್ಧ ಗಂಟೆಯಲ್ಲಿ ಸರಿಮಾಡಿದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ನನ್ನ ಮೇಜಿಗೆ ಕುರ್ಚಿ ತಂದರು. ನಮ್ಮ ಪ್ರೋಗ್ರಾಮಿನಲ್ಲಿ ನಾನು ತಪ್ಪುಗಳನ್ನು ಸದ್ದಿಲ್ಲದೆ ನುಂಗಿಸಿದ ಜಾಗಗಳನ್ನು ಹುಡುಕಿದ್ದರು. ಹನ್ನೊಂದಿದ್ದವು. ಬೈಯಲಿಲ್ಲ. "ಇಲ್ಲಿ ಏನಾಗಬಹುದು ಅಂತ ಹೆದರಿದ್ದೆ?" ಎಂದು ಒಂದೊಂದಕ್ಕೂ ಕೇಳಿದರು. ಮೂರಕ್ಕೆ ನನ್ನಲ್ಲಿ ಉತ್ತರವಿತ್ತು, ಅವನ್ನು ಹಾಗೇ ಬಿಟ್ಟೆವು. ಉಳಿದ ಎಂಟನ್ನು ನಾನು ತೆಗೆಯುತ್ತಾ ಹೋದೆ, ಅವರು ಪಕ್ಕದಲ್ಲಿ ಕೂತು ನೋಡುತ್ತಾ ಇದ್ದರು.