ಮಗಳ ಸರದಿ

ಮಕ್ಕಳು ಬೆಳೆಯುವ ಬಗೆಯನ್ನು ಅಧ್ಯಯನ ಮಾಡುವ ಮೇಡಂ ಒಬ್ಬರು, ಮಗಳು ಹುಟ್ಟಿದಾಗಿನಿಂದ ವರ್ಷಕ್ಕೊಮ್ಮೆ ನಾಗಪುರದ ನಮ್ಮ ಕ್ವಾರ್ಟರ್ಸಿಗೆ ಬರುತ್ತಾರೆ. ಸಿಟ್ಟು ಬಂದಾಗ ಮಗುವಿಗೆ ಹೊಡೆಯುತ್ತೀರಾ ಎಂದು ಅವರು ಮರಾಠಿಯಲ್ಲಿ ಕೇಳಿದಾಗಲೆಲ್ಲ, ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಎಂದೂ ಇಲ್ಲ ಎಂದಿದ್ದೇನೆ.

ಈ ವರ್ಷ ಅವಳಿಗೆ ಹನ್ನೆರಡು. ಇನ್ನು ಅವಳನ್ನೇ ಕೇಳಬೇಕೆಂದು ಮೇಡಂ ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಡಬ್ಬಿಯ ಚಪಾತಿ ಹಾಗೇ ವಾಪಸು ತಂದಳೆಂದು ಹಿಂದಿನ ದಿನವಷ್ಟೇ ಲಟ್ಟಣಿಗೆಯಿಂದ ಬಾರಿಸಿದ್ದೆ. ಒಲೆಯ ಮೇಲೆ ಚಹಾ ಉಕ್ಕಿ ಹರಿಯುತ್ತಿದ್ದರೂ ನನ್ನ ಕಿವಿ ಬಾಗಿಲ ಕಡೆಗೇ ಇತ್ತು. ಒಂದು ಮಾತೂ ಕೇಳಿಸಲಿಲ್ಲ.

ಮೇಡಂ ನಗುತ್ತಲೇ ಹೊರಟುಹೋದರು. ಮಗಳು ನನ್ನ ಮುಖ ನೋಡಿ ಹೇಳಿದಳು: "ಅಂಜಬ್ಯಾಡವ್ವಾ, ಪ್ರತಿ ವರ್ಷ ನೀ ಹೇಳೂದನ್ನ ಬರೋಬರ್ ಹಂಗ ಹೇಳೀನಿ."