ಮಂಗಳವಾರದ ಅಗ್ಗದ ಟಿಕೆಟ್ಟು

ಹೊರನಾಡಿನ ಅಮ್ಮನನ್ನು ನಂಬಿದ ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಗುವಾಹಟಿಯಿಂದ ಮಗಳು ವಿದ್ಯಾ ಫೋನು ಮಾಡಿ ಅತ್ತಳು. ಅಳಿಯ ಸೈನ್ಯದವನು, ಗಡಿಗೆ ಹೋಗಿದ್ದ, ರಜೆ ಸಿಕ್ಕಿರಲಿಲ್ಲ. ಇವಳಿಗೆ ಎಂಟು ತುಂಬಿತ್ತು, ಬಿಪಿ ಏರಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕೆಂದಿದ್ದರೆ, ಹಾಸಿಗೆಯಿಂದಲೇ ಏಳಬಾರದೆಂದು ಡಾಕ್ಟರು ಹೇಳಿದ್ದರು.

"ಅಮ್ಮಾ, ಆಪರೇಶನ್ ಅಂದ್ರೆ ಒಬ್ಳೇ ಹೆಂಗೆ ಒಳಗೆ ಹೋಗ್ಲಿ?" ಎಂದಳು. ಅವಳಪ್ಪ ತೀರಿಕೊಂಡ ಮೇಲೆ ನನಗೆ ಅವಳು, ಅವಳಿಗೆ ನಾನು.

ನಾನು ಕಳಸದ ಕಡೆಯವಳು. ವಿಮಾನವನ್ನು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿದ್ದಷ್ಟೇ. ಮೂಡಿಗೆರೆಯಲ್ಲಿರುವ ನಾದಿನಿ ಸುಶೀಲಾ ಮೊಬೈಲಿನಲ್ಲಿ ಟಿಕೆಟ್ಟು ಹುಡುಕಿದಳು. ನಾನು ಗುರುವಾರ ಒಳ್ಳೆಯ ದಿನವೆಂದೆ.

"ಗುರುವಾರದ ದುಡ್ಡಲ್ಲಿ ಮಂಗಳವಾರ ಎರಡು ಸಲ ಹೋಗ್ಬೋದು ಅತ್ತಿಗೆ!"

"ಮಂಗಳವಾರ ಯಾರಾದ್ರೂ ಹೊರಡ್ತಾರಾ ಮಾರಾಯ್ತಿ, ಅದೂ ಬಸುರಿ ಮಗಳ ಮನೆಗೆ?"

ಆದರೆ ಕೈಯಲ್ಲಿದ್ದದ್ದು ಮಂಗಳವಾರಕ್ಕಷ್ಟೇ ಸಾಲುತ್ತಿತ್ತು. ದೇವರ ಕೋಣೆಗೆ ಹೋಗಿ ಹೊರನಾಡಿನ ಅಮ್ಮನ ಹತ್ತಿರ ಜಗಳವನ್ನೇ ಆಡಿದೆ. "ನಿನಗೆ ಪ್ರಿಯವಾದ ವಾರ ನಿನ್ನ ಹತ್ತಿರವೇ ಇಟ್ಟುಕೋ ತಾಯಿ, ನನಗೆ ಯಾಕೆ ತಗುಲಿಸ್ತೀ?" ಎಂದೆ. ಗುರುವಾರದ ದರ ಇಳಿಯಲಿಲ್ಲ, ಮಂಗಳವಾರಕ್ಕೇ ಟಿಕೆಟ್ಟಾಯಿತು.

ದಾರಿ ತೋರಿಸಿದವಳು ಸುಶೀಲಾ. "ಸೋಮವಾರವೇ ಪ್ರಸ್ಥಾನ ಇಡಿ" ಎಂದಳು. ಹೊರಡಲು ದಿನ ಸರಿಯಿಲ್ಲದಿದ್ದರೆ ಹಿಂದಿನ ದಿನವೇ ಗಂಟನ್ನು ಬೇರೆಯವರ ಮನೆಗೆ ಸಾಗಿಸಿಬಿಡುವುದು ನಮ್ಮ ಹಿರಿಯರ ಉಪಾಯ. ಗಂಟು ಹೊರಟರೆ ನಾವೂ ಹೊರಟಂತೆಯೇ ಲೆಕ್ಕ. ಕಾಫಿ ಮೂಟೆ ತೂಗುವ ಕಾಟಾದ ಮೇಲೆ ಬ್ಯಾಗಿಟ್ಟು ತೂಗಿದೆ. ತೂಕ ಹೆಚ್ಚಾದರೆ ಮತ್ತೆ ಹಣ ಕಟ್ಟಬೇಕಂತೆ, ಸೀಟು ಆರಿಸಿದರೂ ಕಟ್ಟಬೇಕಂತೆ. ಕೊಟ್ಟ ಸೀಟಿನಲ್ಲೇ ಕೂತರಾಯಿತು, ಅದೇನು ನನ್ನನ್ನು ಬಿಟ್ಟು ಹಾರುತ್ತದೆಯೇ! ಕೊಬ್ಬರಿ ಬಿಡುವುದಿಲ್ಲವೆಂದು ಸುಶೀಲಾ ಹೇಳಿದ್ದರಿಂದ ಬಾಣಂತಿಗೆಂದು ತೆಗೆದಿಟ್ಟಿದ್ದ ಗಿಟುಕುಗಳನ್ನು ಮನಸ್ಸಿಲ್ಲದ ಮನಸ್ಸಿನಿಂದ ಹೊರಗಿಟ್ಟೆ. ಸೋಮವಾರ ಬ್ಯಾಗು ಜೀಪಿನಲ್ಲಿ ಮೂಡಿಗೆರೆಗೆ ಹೋಯಿತು. ಹಸು ಕರೆಯಬೇಕಿದ್ದ ನಾನು ಮನೆಯಲ್ಲೇ ಉಳಿದೆ.

ಮಂಗಳವಾರ ಬೆಳಿಗ್ಗೆ ಕೊಟ್ಟಿಗೆಹಾರ ತಲುಪುವ ಮೊದಲೇ ನಮ್ಮ ಬಸ್ಸು ನಿಂತಿತು. ಮುಂದೆ ರಸ್ತೆಯಲ್ಲಿ ಆನೆಗಳಿದ್ದವು. ಹಿಂದೆ ಮುಂದೆ ವಾಹನಗಳ ಸಾಲು. ಮೂಡಿಗೆರೆಯ ಬೆಂಗಳೂರು ಬಸ್ಸು ತಪ್ಪಿದರೆ ವಿಮಾನವೂ ತಪ್ಪುತ್ತದೆ, ಅಗ್ಗದ ಟಿಕೆಟ್ಟಿಗೆ ಹಣವೂ ವಾಪಸು ಬರುವುದಿಲ್ಲ. ಮಂಗಳವಾರ ಹೊರಟದ್ದಕ್ಕೆ ಆಯಿತಲ್ಲ ಎಂದು ಸೆರಗು ಬಾಯಿಗಿಟ್ಟು ಅತ್ತೆ. ಕಡೆಗೆ, "ಇನ್ನು ನನ್ನ ಕೈಲಾಗದು, ಅವಳ ಹತ್ತಿರ ನೀನೇ ಇರು ತಾಯಿ" ಎಂದು ಕಣ್ಣು ಮುಚ್ಚಿಕೊಂಡೆ.

ಕಿಟಕಿಯ ಹತ್ತಿರ ಬೈಕ್ ನಿಲ್ಲಿಸಿದ ಒಬ್ಬರು, ಯಾವುದೋ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಯಾಕಮ್ಮಾ ಅಳ್ತಿದ್ದೀರಿ ಎಂದು ವಿಚಾರಿಸಿದರು. ಹೇಳಿದೆ.

"ಲಗೇಜ್ ಏನಾದ್ರೂ ಇದ್ಯಾ?"

"ಇಲ್ಲಪ್ಪ, ಈ ಕೈಚೀಲ ಒಂದೇ."

"ಹಂಗಾದ್ರೆ ಹತ್ತಿ. ತೋಟದ ಒಳದಾರೀಲಿ ಆಚೆ ದಾಟಿಸ್ತೀನಿ."

ಆ ಬ್ಯಾಗು ಜೊತೆಗಿದ್ದಿದ್ದರೆ ಬೈಕಿನಲ್ಲಿ ಕೂರುವುದಾದರೂ ಹೇಗೆ? ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಸುಶೀಲಾ ಅದನ್ನು ಹಿಡಿದು, ಕಂಡಕ್ಟರನ್ನೂ ಮಾತಿನಲ್ಲಿ ಹಿಡಿದು ನಿಲ್ಲಿಸಿದ್ದಳು. ಹೆಸರು ಕೇಳಲು ತಿರುಗುವಷ್ಟರಲ್ಲಿ, ಅಲ್ಲಿಯವರೆಗೂ ತಂದಿಳಿಸಿದ ರೈಟರು ಹೋಗಿಬಿಟ್ಟಿದ್ದರು.

ಅಂದು ರಾತ್ರಿ ಮಗಳನ್ನು ತಬ್ಬಿಕೊಂಡೆ. ಬುಧವಾರ ಬೆಳಿಗ್ಗೆ ಬಿಪಿ ಮಿತಿಮೀರಿತು, ಆಸ್ಪತ್ರೆಗೆ ಓಡಿದೆವು. ತಕ್ಷಣ ಆಪರೇಶನ್ ಎಂದರು. ಗುರುವಾರದ ಟಿಕೆಟ್ಟಾಗಿದ್ದರೆ ನಾನು ಆಗಿನ್ನೂ ಕಳಸದಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅಮ್ಮ ನನ್ನ ಜಗಳಕ್ಕೆ ಸೋಲದಿದ್ದದ್ದು ಏಕೆಂದು ಆಗ ತಿಳಿಯಿತು.

ತಾಯಿ, ಮಗು ಇಬ್ಬರೂ ಉಳಿದರು. ಈಗ ಮೊಮ್ಮಗಳು ಬೆರಳು ಹಿಡಿದರೆ ಬಿಡುವುದಿಲ್ಲ. ನಿಮ್ಮ ಮೊರೆಗೂ ಅಮ್ಮ ಓಗೊಡಲಿ. ಬಸ್ಸಿನಲ್ಲಿ ನಾನು ಬೇಡಿದ್ದನ್ನು ಅಮ್ಮ ಕೇಳಿಸಿಕೊಂಡಳೆಂಬುದರಲ್ಲಿ ನನಗಂತೂ ಇನ್ನು ಅನುಮಾನವಿಲ್ಲ. ಅಂದು ಆಪರೇಶನ್ ಕೋಣೆಯ ಬಾಗಿಲಲ್ಲಿ ನರ್ಸ್ ಮಗಳನ್ನು ಏನೋ ಕೇಳಿದಳು, ಭಾಷೆ ನನಗೆ ತಿಳಿಯಲಿಲ್ಲ. ಜೊತೆಗೆ ಯಾರಿದ್ದಾರೆ ಎಂದು ಕೇಳಿದ್ದಂತೆ. ಮಗಳು ಮಲಗಿದಲ್ಲಿಂದಲೇ ನನ್ನ ಕಡೆ ಕೈ ತೋರಿಸಿದಳು.