ಅರ್ಧ ಇಂಚು ಮಾವ

ನಮ್ಮ ಬೀದಿಯಲ್ಲಿ ನನ್ನ ಸೋದರಮಾವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವನು ‘ಅರ್ಧ ಇಂಚು’. ಮೂವತ್ತು ವರ್ಷದಿಂದ ದರ್ಜಿ. ಯಾರ ಅಳತೆ ತೆಗೆದರೂ ಕೊನೆಗೆ ಕನ್ನಡಕದ ಮೇಲಿಂದ ಅವರನ್ನೊಮ್ಮೆ ನೋಡಿ, “ಒಳಗಡೆ ಅರ್ಧ ಇಂಚು ಜಾಸ್ತಿ ಬಿಟ್ಟಿರ್ತೀನಿ, ಮುಂದೆ ಬೇಕಾಗುತ್ತೆ” ಎಂದು ಹೇಳದಿದ್ದರೆ ಅವನಿಗೆ ಸಮಾಧಾನವಿಲ್ಲ. ಮದುವೆಗೆ ಕೋಟು ಹೊಲಿಸಲು ಬಂದ ಕಡ್ಡಿಯಂಥ ಹುಡುಗರಿಗೂ ಇದನ್ನೇ ಹೇಳಿ ಅವರ ಮುಖ ಸಪ್ಪೆ ಮಾಡಿ ಕಳಿಸುತ್ತಾನೆ. ನಾಲ್ಕೈದು ವರ್ಷ ಕಳೆದ ಮೇಲೆ ಅವರೇ ಆ ಕೋಟನ್ನು ಕಂಕುಳಲ್ಲಿ ಅವುಚಿಕೊಂಡು ಬಂದು, “ಆ ಅರ್ಧ ಇಂಚು ಇದೆಯಲ್ಲ, ಅದನ್ನ ಬಿಚ್ಚಿಕೊಡ್ತೀರಾ?” ಎಂದು ಪಿಸುಗುಟ್ಟುತ್ತಾರೆ. ಮಾವ ನಗುವುದಿಲ್ಲ. ಅದು ಅವನ ದೊಡ್ಡತನ.

ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಕೋಣೆ. ಬಾಗಿಲ ಬಳಿ ಬಟ್ಟೆ ಕತ್ತರಿಸುವ ಮೇಜು, ಒಳಗೆ ಎರಡು ಮೆಷಿನ್, ಗೋಡೆಗೆ ಆಳೆತ್ತರದ ಕನ್ನಡಿ, ಕಿಟಕಿಯ ಪಕ್ಕ ನಮ್ಮ ಅತ್ತೆಯ ಸ್ಟೂಲು. ಮಾವ ಟೇಪು ಹಿಡಿದು ಜೋರಾಗಿ ಕೂಗುವ ಅಳತೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವವಳು ಅತ್ತೆ. ಗುಂಡಿ ತೂರುವ ಸೀಳಿನ ಸುತ್ತ ಕೈಯಿಂದ ಕಾಜಾ ಹಾಕುವವಳೂ ಅವಳೇ. ಅವಳ ಕಾಜಾ ನೋಡಬೇಕು ನೀವು. ಎಳೆಯ ಪಕ್ಕ ಎಳೆ, ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ನಾನು ಎದುರುಗಡೆಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ಮಧ್ಯಾಹ್ನದ ಊಟದ ಡಬ್ಬಿಯನ್ನು ಅವರ ಅಂಗಡಿಯಲ್ಲೇ ಬಿಚ್ಚುವುದು ಹನ್ನೊಂದು ವರ್ಷದ ರೂಢಿ. ಹಾಗಾಗಿ ನಾನು ಹೇಳುತ್ತಿರುವುದೆಲ್ಲ ಕಣ್ಣಾರೆ ಕಂಡದ್ದು.

ಊರಿನವರ ಎದೆ, ಸೊಂಟ, ತೋಳುಗಳೆಲ್ಲ ಆ ಪುಸ್ತಕದಲ್ಲಿವೆ. ಅತ್ತೆಯದು ಮಾತ್ರ ಇಲ್ಲ. “ಕಟ್ಟಿಕೊಂಡ ಹೆಂಡತಿ ಅಳತೆಗೆ ಟೇಪು ಬೇಕೇನೇ? ನನ್ನ ಕಣ್ಣೇ ಸಾಕು” ಎನ್ನುವುದು ಮಾವನ ಜಂಬ. ಇಪ್ಪತ್ತೆರಡು ವರ್ಷ ಅವಳ ನಿಲುವಂಗಿಗಳನ್ನು ಅವನು ಕಣ್ಣಳತೆಯಲ್ಲೇ ಹೊಲಿದ, ಒಂದೂ ತಪ್ಪಲಿಲ್ಲ. ಅತ್ತೆಗೂ ಅದೊಂದು ಹೆಮ್ಮೆ. ಗಿರಾಕಿ ಹೆಂಗಸರ ಮುಂದೆ, “ನಾನು ಐದು ವರ್ಷದ ಹಿಂದೆ ಹೊಲಿಸಿದ್ದು ಇದು, ಇವತ್ತಿಗೂ ಹಾಗೇ ಕೂರುತ್ತೆ” ಎಂದು ಅಂಗಿಯನ್ನು ಸವರಿಕೊಳ್ಳುತ್ತಿದ್ದಳು. ಆಗೆಲ್ಲ ಮಾವ ಮೆಷಿನ್ನಿನ ಚಕ್ರ ಜೋರಾಗಿ ತಿರುಗಿಸುತ್ತಿದ್ದ. ನನಗೆ ಆಗ ಹೊಳೆಯಲಿಲ್ಲ, ನಾನೆಂಥ ಪೆದ್ದಿ.

ಎರಡು ವರ್ಷದಿಂದ ಅತ್ತೆ ಮಂಕಾಗುತ್ತ ಬಂದಿದ್ದಳು. ಊಟವಾದ ಮೇಲೆ ಕೂತಲ್ಲೇ ತೂಕಡಿಕೆ. ಎಲ್ಲರೂ ಬೆವರೊರೆಸಿಕೊಳ್ಳುವ ಬಿಸಿಲಲ್ಲಿ ಇವಳ ಮೈಮೇಲೆ ಸ್ವೆಟರ್. ಬಾಚಣಿಗೆ ತುಂಬ ಕೂದಲು, ಒಣಗಿ ಬಿರಿದ ಹಿಮ್ಮಡಿ, ಬೆಳಿಗ್ಗೆ ಎದ್ದರೆ ಊದಿದ ಕಣ್ರೆಪ್ಪೆ. ಮೂರು ದಿನಕ್ಕೊಮ್ಮೆ ಹೊಟ್ಟೆ ಸಾಫಾದರೆ ಅದೇ ಭಾಗ್ಯ ಎಂದು ನನ್ನ ಕಿವಿಯಲ್ಲಿ ಗೊಣಗುತ್ತಿದ್ದಳು. ದನಿಯೂ ಗೊಗ್ಗರಾಗಿತ್ತು. ಒಮ್ಮೆ ಫೋನಿನಲ್ಲಿ ಗಿರಾಕಿಯೊಬ್ಬರು ಅವಳನ್ನು ಮಾವನೆಂದೇ ತಿಳಿದು ಪ್ಯಾಂಟಿನ ವಿಚಾರ ಪೂರ್ತಿ ಮಾತಾಡಿ ಇಟ್ಟರು. ನಾವು ಬಿದ್ದು ಬಿದ್ದು ನಕ್ಕೆವು. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸಲಹೆಗಳಿಗೇನೂ ಬರವಿರಲಿಲ್ಲ. ಗುಂಡಿ–ದಾರದ ಅಂಗಡಿಯಾಕೆ, “ಉಪ್ಪು ಬದಲಾಯಿಸಿ ನೋಡಿ” ಎಂದು ಗುಲಾಬಿ ಬಣ್ಣದ ಕಲ್ಲುಪ್ಪು ತಂದುಕೊಟ್ಟಳು. ನಾನು ದೊಡ್ಡ ಜಾಣೆಯ ಹಾಗೆ, “ಅತ್ತೆ, ನೀನು ನಡೆಯಲ್ಲ, ಅದಕ್ಕೇ ಹೀಗೆ” ಎಂದೆ. ಮಾವ ಮಾತ್ರ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತಿದ್ದ.

ಕೊನೆಗೆ ಅತ್ತೆಯ ಬೆರಳುಗಳೇ ಕೈಕೊಟ್ಟವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಜುಮು ಎನ್ನುತ್ತಿದ್ದವು, ಸೂಜಿ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ದಿನಕ್ಕೆ ನಲವತ್ತು ಕಾಜಾ ಹಾಕುತ್ತಿದ್ದವಳು ಹನ್ನೆರಡಕ್ಕೆ ಸುಸ್ತಾಗತೊಡಗಿದಳು. ಅದೇ ಹೊತ್ತಿಗೆ ಪಕ್ಕದ ಬೀದಿಯ ಡಾಕ್ಟರಮ್ಮ ಹೊಲಿಸಿಕೊಂಡು ಹೋಗಿದ್ದ ಮೂರು ಬಿಳಿ ಕೋಟು ವಾಪಸ್ ಬಂದವು. ಕಾಜಾಗಳು ಸಡಿಲ. ಗುಂಡಿ ಹಾಕಿ ಎರಡು ಹೆಜ್ಜೆ ನಡೆದರೆ ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವಂತೆ.

ಅತ್ತೆ ಅದರಲ್ಲೊಂದು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿ ಹಾಕಿ, ಬಿಚ್ಚಿ ನೋಡಿದಳು. ಆಮೇಲೆ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ, “ರೀ, ನನ್ನ ಕೈ ಮುಗೀತು. ನಾಳೆಯಿಂದ ಮನೇಲೇ ಇರ್ತೀನಿ. ಕಾಜಾಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ” ಎಂದಳು.

ಆ ಸ್ಟೂಲಿನ ಮೇಲೆ ಅತ್ತೆ ಇಲ್ಲದ ಅಂಗಡಿಯನ್ನು ನಾನು ಊಹಿಸಿಕೊಂಡೇ ಇರಲಿಲ್ಲ. ಮಾವನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು.

ಕೋಟು ತಂದಿದ್ದ ಡಾಕ್ಟರಮ್ಮ ಇನ್ನೂ ಬಾಗಿಲಲ್ಲೇ ಇದ್ದರು. ಅತ್ತೆಯ ಸ್ವೆಟರನ್ನೂ ಊದಿದ ಮುಖವನ್ನೂ ಒಮ್ಮೆ ನೋಡಿದರು. “ಕೋಟು ಆಮೇಲಾಗಲಿ. ನಾಳೆ ಬೆಳಿಗ್ಗೆ ನೀವು ನನ್ನ ಕ್ಲಿನಿಕ್ಕಿಗೆ ಬನ್ನಿ” ಎಂದರು.

ಮರುದಿನ ಮೂವರೂ ಹೋದೆವು. ಡಾಕ್ಟರಮ್ಮ ನಾಡಿ ಹಿಡಿದರು, ಕಾಲು ಒತ್ತಿ ನೋಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ರಕ್ತ ಕಡಿಮೆ ಇದೆ” ಎಂದರು. ಆಮೇಲೆ ತಕ್ಕಡಿಯ ಮೇಲೆ ನಿಲ್ಲಿಸಿದರು. “ಎಪ್ಪತ್ತೊಂದು ಕೆ.ಜಿ. ಮೊದಲೂ ಇಷ್ಟೇ ಇದ್ರಾ? ಈಚೆಗೆ ತೂಕ ಏನಾದ್ರೂ ಏರಿದ್ಯಾ?”

“ತೂಕ ನೋಡ್ಕೊಂಡು ಯಾವ ಕಾಲ ಆಯ್ತೋ. ಆದ್ರೆ ಏರಿಲ್ಲ ಡಾಕ್ಟ್ರೇ” ಎಂದಳು ಅತ್ತೆ, ಸ್ವಲ್ಪ ಜಂಬದಿಂದಲೇ. “ಇದು ಐದು ವರ್ಷದ ಹಿಂದಿನ ಅಂಗಿ. ನೋಡಿ, ಸರಿಯಾಗಿ ಕೂತಿದೆ.”

“ಹೌದಾ? ನಾನು ಬೇರೇನೋ ಅಂದುಕೊಂಡಿದ್ದೆ.” ಡಾಕ್ಟರಮ್ಮ ಪೆನ್ನು ಕೈಗೆತ್ತಿಕೊಂಡರು. “ಹಾಗಿದ್ರೆ ಸದ್ಯಕ್ಕೆ ಕಬ್ಬಿಣದ ಮಾತ್ರೆ ಬರೀತೀನಿ. ಎರಡು ತಿಂಗಳು ನೋಡೋಣ. ಕಡಿಮೆ ಆಗ್ಲಿಲ್ಲ ಅಂದ್ರೆ ಉಳಿದ ಟೆಸ್ಟು ಮಾಡಿಸೋಣ.”

ಮಾವ ಮೂಲೆಯ ಕುರ್ಚಿಯಲ್ಲಿ ಕೂತು ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ. ಕ್ಲಿನಿಕ್ಕಿಗೆ ಬರುವಾಗಲೂ ಟೇಪು ತೆಗೆದಿರಲಿಲ್ಲ ಮಹಾರಾಯ. ಡಾಕ್ಟರಮ್ಮ ಚೀಟಿ ಹರಿದು ಕೊಡುವಷ್ಟರಲ್ಲಿ ಎದ್ದು ನಿಂತ.

“ಡಾಕ್ಟ್ರೇ, ಚೀಟಿ ಬೇಡ. ಆ ಅಂಗಿ ಸುಳ್ಳು ಹೇಳ್ತಿದೆ.”

“ಏನ್ರೀ ಅದು?” ಎಂದಳು ಅತ್ತೆ.

“ತೋಳು ಎತ್ತು” ಎಂದ ಮಾವ. ಅವಳು ಎತ್ತಿದಳು. ಅವನು ಬಗ್ಗಿ, ಅಂಗಿಯ ಪಕ್ಕದ ಅಂಚನ್ನು ಕೆಳಗಿನಿಂದ ಒಂದು ಗೇಣು ತಿರುವಿ ಒಳಮೈ ಹೊರಗೆ ಮಾಡಿದ. ಈಗಿನ ಹೊಲಿಗೆಯ ಪಕ್ಕದಲ್ಲಿ ಹಳೆಯ ಹೊಲಿಗೆ ಬಿಚ್ಚಿದ ಗುರುತು. ಸಾಲಾಗಿ ಸೂಜಿಯ ಸಣ್ಣ ತೂತುಗಳು. ಅದರ ಪಕ್ಕ ಇನ್ನೊಂದು ಸಾಲು, ಮತ್ತೊಂದು, ಮಗದೊಂದು.

“ನಾಲ್ಕು ಸಲ ಬಿಚ್ಚಿ ಅಗಲ ಮಾಡಿದೀನಿ. ಮೊದಲನೇದು ಎರಡು ವರ್ಷದ ಹಿಂದೆ. ಆಮೇಲೆ ಏಳು ತಿಂಗಳಿಗೆ ಒಂದು. ಕೊನೇ ಎರಡು ಈ ವರ್ಷವೇ, ನಾಲ್ಕು ತಿಂಗಳ ಅಂತರದಲ್ಲಿ. ಇದೊಂದೇ ಅಲ್ಲ, ಬೀರುವಲ್ಲಿರೋ ಎಲ್ಲಾ ಅಂಗೀನೂ ಹಾಗೇ. ಭಾನುವಾರ ಮಧ್ಯಾಹ್ನ ಇವಳು ಮನೇಲಿ ಮಲಗಿದಾಗ ಮಾಡ್ತಿದ್ದೆ.”

ಅತ್ತೆ ಎತ್ತಿದ ತೋಳನ್ನು ಇಳಿಸಲೇ ಇಲ್ಲ. ಅವಳು ಹೆಚ್ಚು ಮಲಗಿದಷ್ಟೂ ಇವನಿಗೆ ಬಿಚ್ಚಲು ಹೆಚ್ಚು ಬಿಡುವು ಸಿಗುತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು. ನಗು ಬರಬೇಕಿತ್ತು, ಬರಲಿಲ್ಲ.

“ಯಾಕೆ ಹೇಳ್ಲಿಲ್ಲ?” ಡಾಕ್ಟರಮ್ಮ ಕೇಳಿದರು.

ಮಾವ ನನ್ನ ಕಡೆ ನೋಡಿದ. ಕಾರಣ ನನಗೂ ಆಗಲೇ ಅರ್ಥವಾದದ್ದು, ಅವನ ಬದಲು ನಾನೇ ಹೇಳಿದೆ. ಎರಡೂವರೆ ವರ್ಷದ ಹಿಂದೆ ಒಂದು ಸಮಾರಂಭದಲ್ಲಿ ಫೋಟೋಗೆ ನಿಂತಾಗ ಅತ್ತೆಯ ಒಂದು ಹಳೇ ಅಂಗಿ ಬಿಗಿಯಾಗಿ, ಯಾರೋ ಏನೋ ಅಂದುಬಿಟ್ಟಿದ್ದರು. ಮನೆಗೆ ಬಂದು ಅತ್ತಳು. ಮರುದಿನದಿಂದ ಬರೀ ಸೌತೆಕಾಯಿ, ಬರೀ ಚಹಾ. ಹದಿನಾರನೇ ದಿನ ಮೆಷಿನ್ನಿನ ಪಕ್ಕದಲ್ಲಿ ತಲೆಸುತ್ತಿ ಬಿದ್ದಳು. ಅವತ್ತೇ ಮಾವ ತೀರ್ಮಾನಿಸಿರಬೇಕು. ಇನ್ನು ಯಾವ ಅಂಗಿಯೂ ಅವಳಿಗೆ ಬಿಗಿಯಾಗಬಾರದು, ಅವಳು ಹೊಟ್ಟೆ ತುಂಬ ಉಣ್ಣಬೇಕು.

ಡಾಕ್ಟರಮ್ಮ ಎದ್ದು ಬಂದು ಆ ತೂತಿನ ಸಾಲುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು. “ಇಷ್ಟು ಸರಿಯಾದ ಲೆಕ್ಕ ಯಾವ ರೋಗಿನೂ ತಂದುಕೊಟ್ಟಿಲ್ಲ ನನಗೆ” ಎಂದರು. ಅತ್ತೆಯ ಕೈಗೆ ಒಂದು ಲೋಟ ನೀರು ಕೊಟ್ಟು, ನುಂಗುವಾಗ ಕೊರಳನ್ನು ಗಮನಿಸಿದರು. ಹಳೆಯ ಚೀಟಿ ಕಸದ ಬುಟ್ಟಿಗೆ ಹೋಯಿತು, ಹೊಸ ಚೀಟಿಯಲ್ಲಿ ರಕ್ತಪರೀಕ್ಷೆಯ ಪಟ್ಟಿ ಬಂತು.

ಥೈರಾಯ್ಡ್. ಮೂರನೇ ದಿನ ವರದಿ ಕೈಗೆ ಬಂದಾಗ ಡಾಕ್ಟರಮ್ಮ ನಮಗೆ ಅರ್ಥವಾಗುವ ಹಾಗೆ ಹೇಳಿದರು. “ಕೊರಳಲ್ಲಿ ಒಂದು ಪುಟ್ಟ ಗ್ರಂಥಿ ಇರುತ್ತೆ. ಮೈಯ ವೇಗ ಎಷ್ಟಿರಬೇಕು ಅಂತ ಅದರ ಹಾರ್ಮೋನು ಹೇಳುತ್ತೆ. ನಿಮ್ಮ ಹೊಲಿಗೆ ಮೆಷಿನ್ನಿಗೆ ಪೆಡಲ್ ಇದ್ದ ಹಾಗೆ. ಮೆಷಿನ್ ಚೆನ್ನಾಗೇ ಇದೆ, ಪೆಡಲ್ ತುಳಿಯೋದು ನಿಧಾನ ಆಗಿದೆ ಅಷ್ಟೇ. ಅದಕ್ಕೇ ಎದೆಬಡಿತ, ಹೊಟ್ಟೆ, ಬೆರಳು, ಎಲ್ಲಾ ನಿಧಾನ. ಏರಿದ ತೂಕದಲ್ಲಿ ಬಹಳಷ್ಟು ಬರೀ ನೀರು. ಇದು ಸೋಮಾರಿತನ ಅಲ್ಲ, ತಾಯಿ. ಇನ್ನೂ ಹೀಗೇ ಬಿಟ್ಟಿದ್ರೆ ಹೃದಯಕ್ಕೆ ತೊಂದರೆ ಆಗ್ತಿತ್ತು.”

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಬೇಕು, ಒಂದು ಗಂಟೆ ಚಹಾ ಮುಟ್ಟುವ ಹಾಗಿಲ್ಲ. ಜೊತೆಗೆ ರಕ್ತ ಹೆಚ್ಚಲು ಕೊಟ್ಟ ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯಾದರೂ ಅಂತರ ಬೇಕು, ಇಲ್ಲದಿದ್ದರೆ ಅದು ಇದನ್ನು ಮೈಗೆ ಹತ್ತಗೊಡುವುದಿಲ್ಲ. ಉಪವಾಸ ಬಿದ್ದು ಸಣ್ಣಗಾಗುವ ಹುಚ್ಚು ಬಿಡಬೇಕು. ಮೊಟ್ಟೆ, ಕಾಳು, ಸೊಪ್ಪು, ಹಣ್ಣು ಹೊತ್ತುಹೊತ್ತಿಗೆ ತಿನ್ನಬೇಕು. ಗುಲಾಬಿ ಕಲ್ಲುಪ್ಪು ನೋಡಲು ಚೆಂದ, ಆದರೆ ಗ್ರಂಥಿಗೆ ಬೇಕಾದ ಅಯೋಡಿನ್ ಇರುವುದು ಪೊಟ್ಟಣದ ಸಾಮಾನ್ಯ ಉಪ್ಪಿನಲ್ಲಿ. “ಉಪ್ಪಿನಿಂದಲೇ ಈ ಕಾಯಿಲೆ ಬಂತು ಅಂತಲ್ಲ, ಆದ್ರೂ ಹಳೇ ಉಪ್ಪಿಗೇ ಬನ್ನಿ” ಎಂದರು ಡಾಕ್ಟರಮ್ಮ.

ಕಾಯಿಲೆಗೆ ಮದ್ದು ಸಿಕ್ಕಿತು. ಅತ್ತೆಯ ಕೋಪಕ್ಕೆ ಸಿಗಲಿಲ್ಲ. ನಾಲ್ಕು ದಿನ ಅವಳು ಗಂಡನ ಜೊತೆ ಮಾತು ಬಿಟ್ಟಳು. ಅಂಗಡಿಗೆ ಬರುತ್ತಿದ್ದಳು, ಮಾವ “ಎದೆ ನಲವತ್ತು” ಎಂದರೆ ಬರೆದುಕೊಳ್ಳುತ್ತಿದ್ದಳು. “ನೀರು ಬೇಕೇನೇ?” ಎಂದರೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಪಾಪ, ಹೀಗಾದರೂ ಅವಳು ಒಂದು ಮಾತಾಡಲಿ ಎಂದು ಮಾವ ಒಬ್ಬ ಗಿರಾಕಿಯ ತೋಳನ್ನು ಮೂರು ಸಲ ಅಳೆದ.

ಐದನೇ ದಿನ ನಾನು ಅತ್ತೆಯ ಪರ ಮಾತಾಡಬೇಕೋ ಮಾವನ ಪರವೋ ಗೊತ್ತಾಗದೆ, “ಅವನು ಪ್ರೀತಿಗೇ ಮಾಡಿದ್ದಲ್ವಾ ಅತ್ತೆ” ಎಂದೆ.

“ಪ್ರೀತಿಗೇ ಕಣೇ, ಗೊತ್ತು ನನಗೆ” ಎಂದಳು. ಕಣ್ಣು ತುಂಬಿತ್ತು. “ಆದ್ರೆ ಎರಡು ವರ್ಷ ನಾನು ಏನಂದುಕೊಂಡಿದ್ದೆ ಹೇಳು? ಅಂಗಿ ಸರಿಯಾಗೇ ಇದೆ, ಮೈಯಲ್ಲಿ ಏನೂ ಕೆಟ್ಟಿಲ್ಲ, ಹಾಗಾದ್ರೆ ಕೆಟ್ಟಿರೋದು ನಾನೇ ಅಂತ. ಮೈಗಳ್ಳಿ ಆಗಿಬಿಟ್ಟೆ ಅಂತ ದಿನಾ ನನ್ನನ್ನೇ ಬೈಕೊಂಡೆ. ಅಂಗಿ ಬಿಗಿಯಾಗಿದ್ರೆ ಅತ್ತುಬಿಡ್ತಿದ್ದೆ, ಆಮೇಲೆ ಡಾಕ್ಟ್ರ ಹತ್ರ ಹೋಗ್ತಿದ್ದೆ. ಅಳೋಕೂ ಬಿಡ್ಲಿಲ್ಲ ಈ ಮನುಷ್ಯ.”

ಇಸ್ತ್ರಿ ಮಾಡುತ್ತಿದ್ದ ಮಾವನಿಗೆ ಎಲ್ಲ ಕೇಳಿಸಿತ್ತು. ಅವನು ತಲೆಯೆತ್ತಲಿಲ್ಲ. “ತಪ್ಪಾಯ್ತು” ಎಂದ, ಇಸ್ತ್ರಿಪೆಟ್ಟಿಗೆಗೆ ಹೇಳಿದ ಹಾಗೆ. ಅತ್ತೆ ಮೂಗು ಒರೆಸಿಕೊಂಡು, “ನೀರು ಕೊಡಿ” ಎಂದಳು.

ಆಮೇಲಿನ ದಿನಗಳನ್ನು ಮಾವ ತನ್ನದೇ ರೀತಿಯಲ್ಲಿ ಹೊಲಿದ. ಬೆಳಗಿನ ಮಾತ್ರೆ ಬಿಳಿ ಗುಂಡಿಗಳ ಖಾಲಿ ಡಬ್ಬಿಯಲ್ಲಿ, ಮಧ್ಯಾಹ್ನದ್ದು ಕರಿ ಗುಂಡಿಗಳ ಡಬ್ಬಿಯಲ್ಲಿ. ಮಾತ್ರೆ ನುಂಗಿದ ಮೇಲೆ ಒಂದು ಗಂಟೆ ಅವನೂ ಚಹಾ ಕುಡಿಯುವುದಿಲ್ಲ. ಆ ಒಂದು ಗಂಟೆ ಅವನನ್ನು ಮಾತಾಡಿಸಲು ಹೋಗಬೇಡಿ, ಕಚ್ಚಲು ಬರುತ್ತಾನೆ. ಮೊಟ್ಟೆ ಬೇಯಿಸಲು ಕಲಿತ. ಮೊದಲ ವಾರ ಅವು ಒಡೆದವು, ಎರಡನೇ ವಾರ ಕಲ್ಲಾದವು, ಈಗ ತಿನ್ನಬಹುದು.

ಮೂರು ವಾರಕ್ಕೆ ಅತ್ತೆಯ ಸ್ವೆಟರ್ ಮೊಳೆಗೆ ಏರಿತು. ಎರಡು ತಿಂಗಳಿಗೆ ಮಧ್ಯಾಹ್ನದ ತೂಕಡಿಕೆ ಹೋಯಿತು. ಬೆರಳಿನ ಜುಮುಜುಮು ನಿಧಾನವಾಗಿ ಇಳಿಯಿತು. ಮೂರನೇ ತಿಂಗಳ ಒಂದು ಬೆಳಿಗ್ಗೆ ಡಾಕ್ಟರಮ್ಮನ ಮೂರು ಕೋಟುಗಳ ಹಳೆಯ ಕಾಜಾಗಳನ್ನು ತಾನೇ ಬಿಚ್ಚಿ, ಸೀಳನ್ನು ಕಿರಿದು ಮಾಡಿ, ಹೊಸದಾಗಿ ಹಾಕಿದಳು. ಎಳೆಯ ಪಕ್ಕ ಎಳೆ. ಗುಂಡಿ ತೂರಿಸಿ ಎಳೆದು ನೋಡಿದೆ, ಅಲ್ಲಾಡಲಿಲ್ಲ. ನಾನು ಅಲ್ಲೇ ಅವಳನ್ನು ತಬ್ಬಿಕೊಂಡೆ. ಸೂಜಿ ಚುಚ್ಚಿತು, ಪರವಾಗಿಲ್ಲ.

ಅಂದೇ ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಅತ್ತೆ ಎದ್ದು ಹೋಗಿ ಗಿರಾಕಿಗಳ ಕನ್ನಡಿಯ ಮುಂದೆ ನಿಂತಳು. ಅಂಗಿ ಸೊಂಟದ ಹತ್ತಿರ ಸಡಿಲವಾಗಿತ್ತು. ಮಾವ ಅಭ್ಯಾಸಬಲದಿಂದ ಕಣ್ಣು ಕಿರಿದು ಮಾಡಿ ನೋಡಿದ.

“ಕಣ್ಣಲ್ಲಿ ಬೇಡ” ಎಂದಳು ಅತ್ತೆ. “ಟೇಪು ತಗೊಳ್ಳಿ.”

ಅಳತೆ ಪುಸ್ತಕದಲ್ಲಿ ಹೊಸ ಪುಟ ತೆರೆದು ಮೇಲೆ ತನ್ನ ಹೆಸರು ಬರೆದಳು. ತಾರೀಖು ಹಾಕಿದಳು. ಮಾವ ಟೇಪನ್ನು ಅವಳ ಸೊಂಟದ ಸುತ್ತ ತಂದ. ಊರನ್ನೆಲ್ಲ ಅಳೆದ ಕೈ ಅದು, ಅವತ್ತು ಟೇಪಿನ ತುದಿಯನ್ನು ಎರಡೆರಡು ಸಲ ಜೋಡಿಸಿ ನೋಡಿತು. ಏನೋ ಗೊಣಗಿದ.

“ಕೇಳಿಸ್ಲಿಲ್ಲ. ಎಲ್ಲರದ್ದೂ ಹೇಗೆ ಕೂಗ್ತೀರೋ ಹಾಗೇ ಕೂಗಿ.”

“ಸೊಂಟ ಮೂವತ್ತೇಳೂವರೆ” ಎಂದು ಮಾವ ಕೂಗಿದ.

ಅತ್ತೆ ಬರೆದುಕೊಂಡಳು. “ಮುಂದಿನ ತಿಂಗಳು ಮತ್ತೆ ಅಳೀಬೇಕು. ಏರಿದ್ರೂ ಇಷ್ಟೇ ಜೋರಾಗಿ ಹೇಳ್ಬೇಕು.”

“ಹೇಳ್ತೀನಿ” ಎಂದ ಮಾವ.